ಎರಡೂವರೆ ಗಂಟೆಯ ದಾರಿ

ತಮನ್‌ರಾಸೆತ್, ಸೋಮವಾರ

ಪ್ರೀತಿಯ ಅಪ್ಪಾ,

ನಿನ್ನೆ ನಿನಗೆ ಮೊಮ್ಮಗಳು ಹುಟ್ಟಿದಳು. ಇಬ್ಬರೂ ಚೆನ್ನಾಗಿದ್ದೇವೆ.

"ಅಲ್ಜಿಯರ್ಸ್‌ನಿಂದ ಎರಡು ಸಾವಿರ ಕಿಲೋಮೀಟರ್, ಎರಡು ದಿನದ ದಾರಿ. ಅಷ್ಟು ದೂರ ಮಗಳನ್ನ ಕೊಡಲ್ಲ" ಅಂತ ನೀನು ನನ್ನ ಮದುವೆಗೂ ಬರಲಿಲ್ಲ. ಇಪ್ಪತ್ತು ವರ್ಷ ಈ ಮರಳುದಾರಿಯಲ್ಲಿ ಬಸ್ಸು ಓಡಿಸಿದವನು ನೀನು, ನಿನ್ನ ಲೆಕ್ಕ ತಪ್ಪಲ್ಲ. ಆದರೆ ಹೆರಿಗೆಗೆಂದು ಅಮ್ಮ ವಿಮಾನದಲ್ಲಿ ಎರಡೂವರೆ ಗಂಟೆಯಲ್ಲೇ ಬಂದಿಳಿದಳು. ತಂದ ರವೆ ರೊಟ್ಟಿ ಇನ್ನೂ ಬೆಚ್ಚಗಿತ್ತು. ಅದಕ್ಕೆ ಕಂಬಳಿ ಸುತ್ತಿಕೊಟ್ಟವನು ನೀನೇ ಅಂತ ಗುಟ್ಟು ಬಿಟ್ಟುಕೊಟ್ಟಳು. ತಿನ್ನುತ್ತಾ ಅತ್ತುಬಿಟ್ಟೆ.

ಶನಿವಾರ ಏಳನೇ ದಿನ, ಮಗುವಿಗೆ ಹೆಸರಿಡುವ ದಿನ. ಅಜ್ಜನೇ ಹೆಸರಿಡಬೇಕೆಂದು ನನ್ನ ಗಂಡ ಹಟ ಹಿಡಿದಿದ್ದಾನೆ. ಪತ್ರ ತರುವ ಮೈದುನನ ಕೈಯಲ್ಲೇ ಶುಕ್ರವಾರದ ಟಿಕೆಟ್ ಕಳಿಸಿದ್ದೇನೆ.

"ಪೈಲಟ್ ಪಕ್ಕ ಕೂತು ದಾರಿ ತೋರಿಸೋಕೆ ಹೋಗಬೇಡ ಅಂತ ಬರಿಯೇ" ಎಂದು ಅಮ್ಮ ನಗುತ್ತಿದ್ದಾಳೆ.

ದಾರಿ ಕಾಯುವ ಮಗಳು,
ವಸೀಲಾ