ಗುಲಾದೇವಿಯ ಹೊಸ ಮುಖ

ಅಯ್ಯಾರು ತಿಂಗಳು, 4

ಮೂಗು ಮುಗಿಯಿತು. ಉಳಿ ಮತ್ತೆ ಮೊಂಡ. ಕಣ್ಣಿಗೆ ಕೂರಿಸುವ ಚಿಪ್ಪು ಇನ್ನೂ ಬಂದಿಲ್ಲ. ಅಕ್ಕಸಾಲಿ ಬಲಾಸು ಬಂದ, ಖರ್ಜೂರ ತಿಂದ, ಹೋದ. ಕೆಲಸ ಮಾತ್ರ ಇಲ್ಲ. ದೇವಿಯ ಗಲ್ಲ ಎರಡು ಸಲ ತಿದ್ದಿದೆ. ಎರಡು ಸಲವೂ ನನ್ನ ಮಗಳು ನುಪ್ತಾಳದೇ ಬಂತು. ಕೂರಲಾಗಲಿಲ್ಲ. ಎದ್ದು ಅಂಗಳವೆಲ್ಲ ಸುತ್ತಿದೆ. ಬರೆಯುವ ಹಸಿಮಣ್ಣಿನ ಹಲಗೆ ಒಣಗುತ್ತಿದೆ, ಸಾಕು.

5

ಇನ್ನು ತಿದ್ದುವುದಿಲ್ಲ. ಹೋದ ಚಳಿಗಾಲ ಮಗಳಿಗೆ ಜ್ವರ ಬಂದಾಗ ಇದೇ ಗುಲಾದೇವಿಯ ಬಾಗಿಲಲ್ಲಿ ಮಣ್ಣಿನ ನಾಯಿ ಹರಕೆ ಇಟ್ಟು ಅತ್ತಿದ್ದೆ. ಅವಳ ನಾಯಿ ರೋಗ ನೆಕ್ಕಿ ತೆಗೆಯುತ್ತದಂತೆ... ಎಲ್ಲಿ ನೆಕ್ಕಿತು? ನುಪ್ತಾ ಹೋದಳು. ಈಗ ಹಳೆಯ ಮರದ ವಿಗ್ರಹಕ್ಕೆ ಹುಳು ಬಿದ್ದು, ಹೊಸದಕ್ಕೆ ನನ್ನನ್ನೇ ಕರೆದಿದ್ದಾರೆ. ಆಗಲಿ. ಇನ್ನೊಬ್ಬರ ಮಗು ಜ್ವರ ಅಂತ ಬಂದಾಗ, ಈ ಮುಖ ಇಟ್ಟುಕೊಂಡು ಇಲ್ಲ ಅನ್ನಲಿ, ನೋಡೋಣ.

11

ಪೂಜಾರಿ ಬಂದಿದ್ದ.

"ಏನಯ್ಯಾ ಇದು, ದೇವಿನೋ ಪಕ್ಕದ್ಮನೆ ಹುಡುಗಿನೋ?"

ಬಲಾಸು ಬಾಯಿ ಹಾಕಿದ. "ಚಿನ್ನ ಹೊದಿಸ್ತೀನಲ್ಲ ಸ್ವಾಮಿ, ಆಮೇಲ್ ನೋಡಿ. ಚಿನ್ನ ಹಾಕ್ಕೊಂಡ್ರೆ ನಿಮ್ಮತ್ತೇನೂ ದೇವಿನೇ!"

ಪೂಜಾರಿ ನಕ್ಕು ಹೋದ. ಬಲಾಸು ನನ್ನ ಕಡೆ ನೋಡಲಿಲ್ಲ. ಅವನಿಗೆ ಗೊತ್ತಾಗಿದೆ.

13, ಮಧ್ಯಾಹ್ನ

ಹೆಂಡತಿ ರೀಶತ್ ಊಟ ತಂದಳು. ಹೊಸ್ತಿಲಲ್ಲೇ ನಿಂತುಬಿಟ್ಟಳು. ಬೈಯುತ್ತಾಳೆ ಅಂದುಕೊಂಡೆ. ಒಳಗೆ ಬಂದು ವಿಗ್ರಹದ ಕೆನ್ನೆ ಮೇಲಿನ ಮರದ ಹುಡಿ ಬಟ್ಟೆಯಂಚಿನಿಂದ ಒರೆಸಿದಳು.

"ತುಟಿ ಒಣಗಿದೆ. ಎಣ್ಣೆ ಹಚ್ಚಬಾರ್ದಾ?"

ರೊಟ್ಟಿ, ಈರುಳ್ಳಿ ಹಾಗೇ ಉಳಿಯಿತು. ಇಬ್ಬರೂ ತಿನ್ನಲಿಲ್ಲ.

ಸಿಮಾನು ತಿಂಗಳು, 2

ಇಪ್ಪತ್ತು ದಿನದ ಹತ್ತಿರ ಏನೂ ಬರೆದಿಲ್ಲ. ರೀಶತ್ ದಿನಾ ಬರುತ್ತಾಳೆ. ಮರದ ಜೊತೆ ಮಾತಾಡುತ್ತಾಳೆ. ನಾನು ಹೊರಗೆ ಹೋಗಿ ಉಳಿ ಮಸೆಯುತ್ತೇನೆ, ಚೂಪಾಗಿದ್ದರೂ.

ನಾಳೆ ಹೊಳೆದಂಡೆಯ ತೋಟದಲ್ಲಿ ವಿಗ್ರಹದ ಬಾಯಿ ತೊಳೆಯುವ ಪೂಜೆ. ಆಮೇಲೆ ಮರವಲ್ಲ, ದೇವಿ. ನೋಡುತ್ತಾಳೆ, ಕೇಳುತ್ತಾಳೆ. ಕೆಲಸದವರ ಕೈ ಕಟ್ಟಿ, ಮರದ ಕತ್ತಿಯಿಂದ ಕಡಿದಂತೆ ಮಾಡುತ್ತಾರೆ. ನಾವು ಆಣೆ ಇಡಬೇಕು — ಇವಳನ್ನು ನಾನು ಮಾಡಿಲ್ಲ, ದೇವರೇ ಮಾಡಿದ್ದು. ಎಷ್ಟೋ ವಿಗ್ರಹಗಳಿಗೆ ಹೇಳಿದ್ದೇನೆ, ಆಕಳಿಸುತ್ತಾ. ಹೇಳದಿದ್ದರೆ ಅವಳು ಬರೀ ಮರ. ಯಾವ ಮಗುವಿನ ನರಳಾಟವೂ ಅವಳಿಗೆ ಕೇಳಿಸದು.

"ಬೇರೆ ಏನಾದ್ರೂ ಹೇಳು," ಅಂದಳು ರೀಶತ್.

"ಬೇರೆ ಏನ್ ಹೇಳ್ಲೇ?"

"ನಂಗೇನ್ ಗೊತ್ತು. ಆ ಮುಖ ನೋಡ್ಕೊಂಡ್ ಅದೊಂದ್ ಬೇಡ."

3, ಸಂಜೆ

ಮುಗಿಯಿತು. ಬಲಾಸು ಆಣೆಯ ಮಾತು ಗಟ್ಟಿಯಾಗಿ ಹೇಳಿದ. ನನ್ನ ಸರದಿ. ಚಿಪ್ಪಿನ ಕಣ್ಣು ನೇರ ನನ್ನ ಮೇಲೆ. ಪೂಜಾರಿ ಕೆಮ್ಮಿದ.

ಹೇಳಿದೆ.

ಅವಳನ್ನು ಗರ್ಭಗುಡಿಗೆ ಹೊತ್ತುಕೊಂಡು ಹೋದರು. ಅಲ್ಲಿಗೆ ನಮ್ಮಂಥವರನ್ನು ಬಿಡುವುದಿಲ್ಲ. ಇನ್ನು ನೋಡುವಂತಿಲ್ಲ.

ರೀಶತ್ ಮನೆ ಬಾಗಿಲಲ್ಲೇ ಕಾದಿದ್ದಳು.

"ಹೇಳಿದ್ಯಾ?"

"ಹೂಂ."

"ಅವಳ ಎದುರಿಗೇನಾ?"

ನಾನು ಉಳಿ ಎತ್ತಿಕೊಂಡು ಹೊರಗೆ ಹೋದೆ, ಮಸೆಯಲು.