ರೇಡಿಯೊದಲ್ಲಿ ಐಸ್ ಎಂದವನಿಗೆ ನೋಟಿಸು

ಮಾನ್ಯ ವಿಮಾನ ಸುರಕ್ಷತಾ ಮುಖ್ಯಸ್ಥರೇ,

ರೆಕ್ಕೆಗೆ ಐಸ್ ಕಟ್ಟುತ್ತಿದೆ ಎಂದು ರೇಡಿಯೊದಲ್ಲಿ ಬಾಯಿಬಿಟ್ಟು ಹೇಳಿದ ಪೈಲಟ್ ಒಬ್ಬನ ಲೈಸೆನ್ಸನ್ನು ತಾವು ಕಳೆದ ವಾರ ಅಮಾನತಿನಲ್ಲಿಟ್ಟಿದ್ದೀರಿ. ಅವನು ಹಾಗೆ ಹೇಳಿದ್ದರಿಂದ ಹಿಂದೆ ಬರುತ್ತಿದ್ದ ಎರಡು ಸಣ್ಣ ವಿಮಾನಗಳು ಅರ್ಧ ದಾರಿಯಿಂದ ವಾಪಸಾದವು. ಇಷ್ಟು ದೊಡ್ಡ ಅಪರಾಧಕ್ಕೆ ಬರೀ ಅಮಾನತೇ? ತಮ್ಮ ಕಚೇರಿ ಮೆತ್ತಗಾಗಿದೆ ಎಂದು ಜನ ಆಡಿಕೊಂಡಾರು.

ನಾನು ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮ ಮನೆಯವರು ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಆಸ್ಪತ್ರೆಗಳಿಗೆ ಔಷಧಿ ಸಾಗಿಸುತ್ತಿದ್ದರು. ಹೋದ ಚಳಿಗಾಲದಲ್ಲಿ ಬೆಟ್ಟಸಾಲಿನ ಮೇಲಿನ ಮೋಡದಲ್ಲಿ ರೆಕ್ಕೆಗೆ ಐಸ್ ಕಟ್ಟಿ ಅವರ ವಿಮಾನ ಬಿತ್ತು. ಅವರು ಉಳಿಯಲಿಲ್ಲ. "ಆ ಮಾರ್ಗದಲ್ಲಿ ಐಸ್ ಇರುವ ಬಗ್ಗೆ ಯಾವುದೇ ಮಾಹಿತಿ ಲಭ್ಯವಿರಲಿಲ್ಲ" ಎಂದಿತು ತಮ್ಮ ತನಿಖಾ ವರದಿ. ಓದಿದೆ. ಅಳು ಬರಲಿಲ್ಲ. ಆಮೇಲೆ ಯಾವುದಕ್ಕೂ ಬಂದಿಲ್ಲ. ಕಾಲು ಜೋಮು ಹಿಡಿದಾಗ ಅದು ನಮ್ಮ ಕಾಲೇ ಅಲ್ಲ ಅನ್ನಿಸುವುದಿಲ್ಲವೇ, ನನಗೆ ನಾನೇ ಹಾಗಾಗಿದ್ದೇನೆ. ಪಾಠ ಮಾಡುತ್ತೇನೆ, ಮಗಳಿಗೆ ಜಡೆ ಹಾಕುತ್ತೇನೆ, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯದೆ ಇನ್ನೊಮ್ಮೆ ಹಾಕುತ್ತೇನೆ. ಮಗಳು ತುತ್ತಿಗೊಮ್ಮೆ ನೀರು ಕುಡಿಯುತ್ತಾ ಉಣ್ಣುತ್ತಾಳೆ.

ಮಾಹಿತಿ ಏಕೆ ಇರಲಿಲ್ಲ ಎಂಬುದು ನನಗೆ ಗೊತ್ತಾದದ್ದು ನಮ್ಮ ಅಡುಗೆಮನೆಯಲ್ಲಿ. ಅವರ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಬ್ಬ ಪೈಲಟ್, ನನ್ನನ್ನು ಅತ್ತಿಗೆ ಎಂದೇ ಕರೆಯುವವನು, ಒಂದು ಭಾನುವಾರ ಮನೆಗೆ ಬಂದ. ನಾನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿದ್ದ ಐಸನ್ನು ಮರದ ಚಮಚದಿಂದ ಕೆರೆಯುತ್ತಿದ್ದೆ. ಕೊಟ್ಟ ಕಾಫಿ ಮುಟ್ಟದೆ ಅವನು ಆ ಐಸನ್ನೇ ನೋಡುತ್ತಿದ್ದ.

"ರೆಕ್ಕೆ ಅಂಚಲ್ಲಿ ಹೀಗೇ ಕೂರುತ್ತೆ ಅತ್ತಿಗೆ. ಇಷ್ಟು ದಪ್ಪ ಕೂಡ ಬೇಕಾಗಿಲ್ಲ. ಒರಟಾದ್ರೆ ಸಾಕು, ರೆಕ್ಕೆ ವಿಮಾನನ ಎತ್ತಿ ಹಿಡಿಯೋದನ್ನೇ ಬಿಟ್ಟುಬಿಡುತ್ತೆ."

"ನೀನು ನೋಡಿದೀಯಾ?"

"ಅವತ್ತು ಅದೇ ಮೋಡದೊಳಗೆ ಅವರಿಗಿಂತ ಮುಂಚೆ ನಾನೇ ಬಂದಿದ್ದೆ."

ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟರೂ ವೇಗ ಇಳಿಯುತ್ತಲೇ ಇತ್ತಂತೆ. ಅದೃಷ್ಟಕ್ಕೆ ಮೋಡ ದಾಟಿ ಬೆಚ್ಚಗಿನ ಗಾಳಿಗೆ ಇಳಿದ, ಐಸ್ ಕರಗಿತು. ರೇಡಿಯೊದಲ್ಲಿ ಮಾತ್ರ "ಕುಲುಕಾಟ ಜಾಸ್ತಿ, ಕೆಳಗಿಳಿಯಲು ಅನುಮತಿ ಕೊಡಿ" ಎಂದನಂತೆ. ಐಸ್ ಎಂದು ಏಕೆ ಹೇಳಲಿಲ್ಲ? ತಮ್ಮ ನಿಯಮವನ್ನೇ ಕೇಳಿ. ಐಸ್ ತೆಗೆಯುವ ಸಲಕರಣೆ ಇಲ್ಲದ ಸಣ್ಣ ವಿಮಾನಗಳು ಐಸ್ ಇದೆಯೆಂದು ಗೊತ್ತಿರುವ ಕಡೆ ಹಾರಕೂಡದು. ಒಳ್ಳೆಯ ನಿಯಮ. ಆದರೆ ಹವಾಮಾನ ಮುನ್ಸೂಚನೆಯಲ್ಲಿ ಇಲ್ಲದ ಐಸ್ ಎದುರಾಯಿತು ಎಂದು ಪೈಲಟ್ ಹೇಳಿದರೆ, ಹಾರಕೂಡದ ಕಡೆ ಹಾರಿದೆ ಎಂದು ತಾನೇ ಒಪ್ಪಿಕೊಂಡಂತೆ ತಾವು ಲೆಕ್ಕ ಹಿಡಿಯುತ್ತೀರಿ. ಹಿಂದೆ ಹಾಗೆ ಹೇಳಿದ ಹಿರಿಯ ಪೈಲಟ್ ಒಬ್ಬರನ್ನು ಇಡೀ ಚಳಿಗಾಲ ಹಾರಲು ಬಿಡದೆ ನೆಲದ ಮೇಲೆ ಕೂರಿಸಿದಿರಿ. ಅಂದಿನಿಂದ ಪೈಲಟ್‌ಗಳೆಲ್ಲ ಐಸಿನ ಸುದ್ದಿಯನ್ನು ಇಳಿದ ಮೇಲೆ ಕ್ಯಾಂಟೀನಿನಲ್ಲಿ, ಕಾಫಿ ಲೋಟ ತುಟಿಗಿಟ್ಟುಕೊಂಡು, ಪಿಸುಮಾತಿನಲ್ಲಿ ಹೇಳಿಕೊಳ್ಳುತ್ತಾರೆ. ಹವಾಮಾನ ಕಚೇರಿಯವರು ಆ ಕ್ಯಾಂಟೀನಿಗೆ ಬರುವುದಿಲ್ಲ. ಹಾಗಾಗಿ ತಮ್ಮ ಕಡತಗಳಲ್ಲಿ ಆಕಾಶ ಸದಾ ಸ್ವಚ್ಛವಾಗಿರುತ್ತದೆ.

ಆ ದಿನ ನಮ್ಮ ಮನೆಯವರು ಕ್ಯಾಂಟೀನಿನಲ್ಲಿರಲಿಲ್ಲ. ಮಾರ್ಗದ ಇನ್ನೊಂದು ತುದಿಯಲ್ಲಿ ಹೊರಡಲು ಸಿದ್ಧವಾಗಿದ್ದರು. ರೇಡಿಯೊದ ಮಾತು ದಾಖಲಾಗುತ್ತದಲ್ಲ, ಅದಕ್ಕೆ ಈ ಗೆಳೆಯ ಇಳಿದೊಡನೆ ಅವರ ಮೊಬೈಲಿಗೆ ಕರೆ ಮಾಡಿದ.

"ಆಫ್ ಆಗಿತ್ತು ಅತ್ತಿಗೆ. ಮತ್ತೆ ಮತ್ತೆ ಮಾಡಿದೆ."

ಆಫ್ ಆಗಿರದೆ ಇನ್ನೇನು? ಎಂಜಿನ್ ಶುರು ಮಾಡುವ ಮುನ್ನ ಮೊಬೈಲ್ ಆಫ್ ಮಾಡಬೇಕು ಎಂಬುದೂ ನಿಯಮವೇ. ನಮ್ಮ ಮನೆಯವರು ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುತ್ತಿದ್ದ ಜಾತಿ. ನಾನು ಎಷ್ಟೋ ಸಲ ರೇಗಿಸಿದ್ದೇನೆ.

ಅವನ ಕೆನ್ನೆಗೆ ಬಾರಿಸಬೇಕಿತ್ತೋ ಏನೋ. ಕೈ ಏಳಲಿಲ್ಲ. ಐಸ್ ಕೆರೆಯುತ್ತಲೇ ಇದ್ದೆ. "ಕಾಫಿ ಆರುತ್ತೆ, ಕುಡಿ. ಇನ್ನೊಂದು ಸಲ ಐಸ್ ಸಿಕ್ಕಿದ್ರೆ ರೇಡಿಯೊದಲ್ಲೇ ಹೇಳು" ಎಂದೆ.

"ಲೈಸೆನ್ಸ್ ಹೋಗುತ್ತೆ."

"ಹೋಗಲಿ."

ಅವನು ಮಾತು ಉಳಿಸಿಕೊಂಡ. ಹೌದು ಮಾನ್ಯರೇ, ತಾವು ಅಮಾನತು ಮಾಡಿರುವುದು ಅವನನ್ನೇ. ಇದನ್ನೆಲ್ಲ ಬರೆಯಲು ಅವನೇ ಒಪ್ಪಿದ್ದಾನೆ. ಅವನಿಗೆ ಹಾರುವುದು ಬಿಟ್ಟು ಬೇರೆ ಕೆಲಸ ಬರುವುದಿಲ್ಲ. ಈಗ ಮಧ್ಯಾಹ್ನದ ಹೊತ್ತು ನಮ್ಮ ಮನೆಗೆ ಬಂದು, ಕೆಡದೇ ಇರುವ ನಲ್ಲಿಗಳನ್ನು ರಿಪೇರಿ ಮಾಡುತ್ತಾನೆ.

ನನ್ನ ತರಗತಿಯಲ್ಲಿ "ಗೊತ್ತಾಗಲಿಲ್ಲ ಮೇಡಂ" ಎಂದ ಮಗುವಿಗೆ ನಾನು ಒಮ್ಮೆ ಏಟು ಕೊಟ್ಟರೆ ಸಾಕು. ಮರುದಿನದಿಂದ ಇಡೀ ತರಗತಿಗೆ ಎಲ್ಲವೂ ಗೊತ್ತಾಗಿಬಿಡುತ್ತದೆ. ಪರೀಕ್ಷೆಯ ತನಕ ನಾನು ನೆಮ್ಮದಿಯಾಗಿರಬಹುದು. ತಾವು ನೆಮ್ಮದಿಯಾಗಿರುವುದು ಹೀಗೆಯೇ ಅಲ್ಲವೇ? ತಮ್ಮಲ್ಲಿ ಪರೀಕ್ಷೆ ಬೆಟ್ಟದ ಮೇಲೆ ನಡೆಯುತ್ತದೆ, ಅಷ್ಟೇ ವ್ಯತ್ಯಾಸ.

ನನಗೆ ಪರಿಹಾರ ಬೇಡ, ಸಂತಾಪವೂ ಬೇಡ. ಅವನ ಅಮಾನತನ್ನು ರದ್ದು ಮಾಡಿ. ಮುನ್ಸೂಚನೆಯಲ್ಲಿಲ್ಲದ ಐಸ್ ಎದುರಾಗಿ ಅದನ್ನು ರೇಡಿಯೊದಲ್ಲಿ ಹೇಳಿದ ಯಾವ ಪೈಲಟ್‌ನನ್ನೂ ದಂಡಿಸುವುದಿಲ್ಲವೆಂದು ಆದೇಶ ಹೊರಡಿಸಿ, ಆ ಕ್ಯಾಂಟೀನಿನ ಗೋಡೆಗೇ ಅಂಟಿಸಿ. ಚಳಿ ಆಗಲೇ ಶುರುವಾಗಿದೆ.

ಇವನ ಮಾತು ಕೇಳಿ ಅರ್ಧ ದಾರಿಯಿಂದ ವಾಪಸಾದ ಆ ಇಬ್ಬರು ಪೈಲಟ್‌ಗಳ ಮನೆಯಲ್ಲಿ, "ಇದೇನು ಇಷ್ಟು ಬೇಗ ಬಂದ್ರಿ, ಅಡುಗೆ ಇನ್ನೂ ಆಗಿಲ್ಲ" ಎಂದು ಹೆಂಡತಿಯರು ಗೊಣಗಿರಬಹುದು. ನಾನೂ ಹಾಗೆ ಗೊಣಗಬೇಕಿತ್ತು.

ಇಂತಿ,
ಎಂಜಿನ್ ಶುರು ಮಾಡುವ ಮುನ್ನ ತಪ್ಪದೆ ಮೊಬೈಲ್ ಆಫ್ ಮಾಡುತ್ತಿದ್ದವರ ಹೆಂಡತಿ