ನಮ್ಮ ಕಟ್ಟೆಯ ತನಕ ಫುಟ್‌ಪಾತ್

ಡಿಸೆಂಬರ್ 6, ಶುಕ್ರವಾರ. ಸಂಜೆ

ಮತ್ತೆ ಚಪ್ಪಲಿ ತೊಳೆದೆ. ಸೀರೆಯ ಅಂಚನ್ನೂ ತೊಳೆದೆ. ಯಕ್! ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆ ಎಷ್ಟು ದೂರ? ಒಂದು ಹಾಡು ಮುಗಿಯುವಷ್ಟು. ಅಷ್ಟರಲ್ಲೇ ಗಟಾರ, ಗುಟ್ಕಾ ಉಗುಳು, ಸಗಣಿ, ಹಂದಿ... ಸಿಂದಗಿ ನನಗೆ ದಿನಾ ಕೊಡುವ ಮದುವೆಯ ಉಡುಗೊರೆ.

ನಡೆಯುವುದಕ್ಕೆ ಜಾಗವೇ ಇಲ್ಲ. ಒಬ್ಬೊಬ್ಬ ಅಂಗಡಿಯವನೂ ಗಟಾರದ ಮೇಲೆ ತನ್ನದೊಂದು ಫರಸಿ ಕಲ್ಲು ಹಾಸಿದ್ದಾನೆ, ತನಗೆ ಬೇಕಾದ ಎತ್ತರಕ್ಕೆ. ಹತ್ತು, ಇಳಿ, ಹತ್ತು, ಇಳಿ. ಸೀರೆ ಉಟ್ಟು ಏರೋಬಿಕ್ಸ್! ಸಾಕಾಗಿ ರಸ್ತೆಗೆ ಇಳಿದರೆ ಕಬ್ಬಿನ ಟ್ರ್ಯಾಕ್ಟರ್. ಹಿಂದೆ ಎರಡು ಟ್ರೇಲರ್, ಕಿವಿ ಹರಿಯುವ ಸ್ಪೀಕರ್. ಒಂದು ಕಬ್ಬಿನ ತುದಿ ನನ್ನ ಭುಜ ಸವರಿಕೊಂಡು ಹೋಯಿತು. ಡ್ರೈವರ್ ನಕ್ಕ. ಛೀ.

ಬಾಗಿಲಲ್ಲೇ ಅತ್ತೆ. "ನಡಕೋತ ಯಾಕ ಹೋದ್ಯವಾ? ಗಾಡಿ ಐತಿ. ಹೊಸಾ ಸೊಸಿ ರಾಡಿ ತುಳಕೋತ ಬಂದ್ರ ಮಂದಿ ನಮಗ ಉಗುಳ್ತಾರ."

ಇಲ್ಲಿನ ಮಂದಿಗೆ ಉಗುಳಲು ಕಾರಣ ಬೇಕಿಲ್ಲ ಅನ್ನಬೇಕೆನಿಸಿತು. ಚಪ್ಪಲಿ ಕೈಯಲ್ಲಿ ಹಿಡಿದು ನಲ್ಲಿಯ ಕಡೆ ನಡೆದೆ.

ಆದರೆ ಆರಕ್ಕೆ ಚೇತನ್ ಬಂದ. (ಈ ಡೈರಿಯಲ್ಲಿ ಏಕವಚನ. ಮನೆಯಲ್ಲಿ 'ಇವರು'.) ಸೈಟಿನ ಧೂಳು, ಬಿಸಿಲಿಗೆ ಕೆಂಪಾದ ಮೂಗು... ಸೋ ಹ್ಯಾಂಡ್ಸಮ್. ಎಲ್ಲ ಮರೆತುಹೋಯಿತು.

ಡಿಸೆಂಬರ್ 11, ಬುಧವಾರ

ಒಂದು ನಕ್ಷೆಯ ಮೇಲೆ ನನಗೆ ಲವ್ ಆಗಿದೆ!

ಚೇತನ್ ಹಾಸಿಗೆಯ ಮೇಲೆ ಹರಡಿ ತೋರಿಸಿದ. ನಮ್ಮ ರಸ್ತೆ! ಬಸ್ ಸ್ಟ್ಯಾಂಡಿನಿಂದ ಹೆಣ್ಣುಮಕ್ಕಳ ಶಾಲೆಯ ತನಕ ಒಂದೇ ಮಟ್ಟದ ಫುಟ್‌ಪಾತ್. ಮೂಲೆಮೂಲೆಗೂ ಇಳಿಜಾರು. ತಳ್ಳುಗಾಡಿಗಳಿಗೆ ಬೇರೆ ಜಾಗ. ಕಬ್ಬಿನ ಟ್ರ್ಯಾಕ್ಟರುಗಳು ಊರ ಹೊರಗಿನಿಂದ. ಪ್ರಾಜೆಕ್ಟಿಗೆ ಇವನೇ ಕನ್ಸಲ್ಟೆಂಟ್ ಎಂಜಿನಿಯರ್. ಎಲ್ಲ ಇವನ ಕೈಯ ಗೆರೆಗಳು.

"ಇನ್ನ ನಿನ್ನ ಕಾಲಿಗೆ ರಾಡಿ ಹತ್ತಂಗಿಲ್ಲ ನೋಡ, ಶೈಲೂ."

ಯಾವ ಗಂಡ ಹೆಂಡತಿಗೆ ಫುಟ್‌ಪಾತ್ ಗಿಫ್ಟ್ ಕೊಡುತ್ತಾನೆ? ಯಾರೂ ಇಲ್ಲ!

ಓಡಿಹೋಗಿ ಫಿರದೋಸಳಿಗೆ ಹೇಳಿದೆ. ಈ ಊರಿನಲ್ಲಿ ನನ್ನ ಮೊದಲ ಫ್ರೆಂಡ್. ಪಕ್ಕದ ಓಣಿಯವಳು, ಬಸ್ ಸ್ಟ್ಯಾಂಡಿನ ಹತ್ತಿರ ಟೇಲರಿಂಗ್ ಅಂಗಡಿ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಕಾಲು ನಿಲ್ಲುವುದಿಲ್ಲ. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲಿನಲ್ಲಿ ಅದೇ ಟ್ರ್ಯಾಕ್ಟರುಗಳ ನಡುವೆ ದಿನಾ ಹೋಗಿ ಬರುತ್ತಾಳೆ. ಫರಸಿಗಳ ಮೇಲೆ ಅವಳ ಗಾಲಿ ಹತ್ತುವುದಿಲ್ಲ.

ಅವಳು ನನ್ನ ಬ್ಲೌಸಿಗೆ ಹುಕ್ಕು ಹಾಕುತ್ತ ಕೇಳಿದಳು: "ಚಲೋ ಆತು ವೈನಿ. ಅಂದಂಗ, ನಿಮ್ಮ ಮಾವನ ಕಟ್ಟಿ ಏನ್ ಮಾಡ್ತಾನಂತ ನಿಮ್ಮ ಹೀರೋ?"

ಮನೆಗೆ ಬಂದು ಹೊರಗೆ ನಿಂತು ನೋಡಿದೆ. ಅಯ್ಯೋ. ಇಷ್ಟು ದಿನ ಅದರ ಮೇಲೇ ಕೂತು ಟೀ ಕುಡಿದಿದ್ದೇನೆ, ಕಂಡೇ ಇರಲಿಲ್ಲ. ಓಣಿಯಲ್ಲೇ ಎಲ್ಲಕ್ಕಿಂತ ಎತ್ತರದ ಕಟ್ಟೆ ನಮ್ಮದು. ಗಟಾರ ದಾಟಿ ರಸ್ತೆಗೆ ಬಂದು ಕೂತಿದೆ.

ಡಿಸೆಂಬರ್ 17, ಮಂಗಳವಾರ

ಗುರುತು ಹಾಕಿದರು. ಮೊದಲ ಕೆಂಪು ಕ್ರಾಸ್ ನಮ್ಮ ಕಟ್ಟೆಗೆ, ಚೇತನ್ ತಾನೇ ಬ್ರಷ್ ಹಿಡಿದು! ಮೇಲಿನಿಂದ ನೋಡುತ್ತಿದ್ದೆ. ಚಪ್ಪಾಳೆ ಹೊಡೆಯುವುದೊಂದು ಬಾಕಿ.

ಮಾವ ಊಟಕ್ಕೆ ಏಳಲಿಲ್ಲ. "ನಮ್ಮಪ್ಪ ಕೂತು ಪಂಚಾಯ್ತಿ ಮಾಡಿದ ಕಟ್ಟಿ. ಅದಕ್ಕ ನನ್ನ ಮಗ ಬಣ್ಣಾ ಹೊಡೀತಾನ."

"ಲೈನ್ ಅಂದ್ರ ಲೈನ್ ಅಪ್ಪಾ. ನಮ್ಮದ ಬಿಟ್ರ ಯಾರ ಕೇಳ್ತಾರ?"

ಅದೇ ವಿಷಯ. ಗೊಬ್ಬರದ ಅಂಗಡಿಯ ಬಸವಂತರಾಯ ಎಲ್ಲರ ಎದುರೇ ಅಂದರಂತೆ: "ಎಂಜಿನಿಯರ ಸಾಹೇಬ್ರ, ಮೊದ್ಲ ನಿಮ್ಮ ಮನೀದ ಒಡೀರಿ. ಆಮ್ಯಾಲ ನಮ್ಮದು ನಾವ ಒಡಕೋತೀವಿ." ಓಣಿ ಪೂರ್ತಿ ಹೂಂ ಅಂದಿದೆ. ನಮ್ಮ ಕಟ್ಟೆ ಹೋದರೆ ರಸ್ತೆಗೆ ಫುಟ್‌ಪಾತ್. ಉಳಿದರೆ ಏನೂ ಇಲ್ಲ.

ಹೋಗುತ್ತದೆ. ನನ್ನ ಗಂಡನನ್ನು ಅವರಿಗೆ ಗೊತ್ತಿಲ್ಲ!

ಡಿಸೆಂಬರ್ 30, ಸೋಮವಾರ. ಸಂಜೆ

ಎಳ್ಳು ಅಮಾವಾಸ್ಯೆ. ಬೆಳಗ್ಗೆಯೇ ಓಣಿಗೆ ಓಣಿ ಹೊಲಕ್ಕೆ ಹೊರಟಿತು. ಬುಟ್ಟಿಗಳಲ್ಲಿ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿದೆವು. ಹೊಲದ ಬದುವಿನ ಮೇಲೆ ಚೇತನ್ ಕೈ ಹಿಡಿದು ನಡೆದೆ. ಊರಿನ ರಸ್ತೆಗಿಂತ ಅದೇ ಸಲೀಸು! ಜೋಳದ ನಡುವೆ ಯಾರೂ ಇಲ್ಲದಾಗ... ಅದು ಬರೆಯುವುದಲ್ಲ.

ಮಾವ ಮಾತ್ರ ಮಂಡಿನೋವೆಂದು ಮನೆಯಲ್ಲೇ ಉಳಿದಿದ್ದರು.

ತಿರುಗಿ ಬಂದರೆ ಕಟ್ಟೆಯ ಅಂಚಿನಲ್ಲಿ ದೇವರು.

ನಿಜವಾಗಿ. ಕೆಂಪು ಗುರುತಿನ ಮೇಲೆ ಸುಣ್ಣ. ಸುಣ್ಣದ ಮೇಲೆ ಒಂದು ಉದ್ದ ಕರಿಕಲ್ಲು, ಮೂರು ಪಟ್ಟೆ ವಿಭೂತಿ, ಚೆಂಡು ಹೂವಿನ ಹಾರ, ನೆರಳಿಗೆ ಎರಡು ತಗಡು. ಓಣಿಯಲ್ಲಿ ಯಾರೂ ಇಲ್ಲದ ಒಂದೇ ದಿನ!

ಮಾವ ಕೈಮುಗಿದು ನಿಂತಿದ್ದರು. "ನಸುಕಿನ್ಯಾಗ ಕನಸಿಗೆ ಬಂದ. 'ಕಟ್ಟಿ ಮ್ಯಾಲ ಕೂಡಸು' ಅಂದ."

ಅತ್ತೆ ಬಗ್ಗಿ ಕಲ್ಲನ್ನು ನೋಡಿದರು. ಒಳಗೆ ಹೋದರು. ಅಡುಗೆಮನೆಯಿಂದ ಕೂಗು: "ಒಳಕಲ್ಲಿನ ಗುಂಡ ಎಲ್ಲೈತಿ?"

"ಬಾಯಿ ಮುಚ್ಚ, ಚನ್ನವ್ವ!"

ನಾನೂ ಚೇತನ್ನೂ ರೂಮಿಗೆ ಓಡಿ ದಿಂಬಿಗೆ ಮುಖ ಒತ್ತಿ ನಕ್ಕೆವು. ಮಂಡಿನೋವಿನಲ್ಲೂ ಉರುಳಿಸಿಕೊಂಡು ತಂದ, ಚಟ್ನಿ ಅರೆಯುವ ಗುಂಡು! ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆಮೇಲೆ ಮಾವ ಬಾಗಿಲ ಹೊರಗಿನಿಂದ ಹೇಳಿದರು: "ನಾಳೆ ಮೊದಲನೇ ಆರತಿ ಸೊಸಿ ಮಾಡ್ಲಿ. ಬಸವನ ಬಾಗೇವಾಡಿ ಮಗಳು. ಆಕಿ ಮಾಡಿದ್ರ ಯಾರೂ ಕಮಕ್ ಕಿಮಕ್ ಅನ್ನಂಗಿಲ್ಲ."

ನನ್ನ ತವರಿನ ಹೆಸರು ಹೇಳಿಕೊಂಡು ಗಟಾರದ ಮೇಲಿನ ಕಲ್ಲಿಗೆ ಆರತಿ! ನಮ್ಮಪ್ಪ ಕೇಳಿದರೆ ಮಾತು ಬಿಡುತ್ತಾರೆ. ಕೊರಳಲ್ಲಿ ಲಿಂಗ ಇರುವ ಮನೆಯವರು ನಾವು.

ಚೇತನ್ ಈಗ ಏಳುತ್ತಾನೆ, ಲೈನ್ ಅಂದ್ರ ಲೈನ್ ಅನ್ನುತ್ತಾನೆ ಅಂತ ಕಾದೆ. ಅವನು ಫೋನ್ ನೋಡುತ್ತಿದ್ದ.

"ಒಂದ ಆರತಿ, ಅಷ್ಟ. ಸದ್ಯಕ್ಕ ಅಪ್ಪನ ಸಿಟ್ಟ ಇಳೀಲಿ ಶೈಲೂ."

ಡಿಸೆಂಬರ್ 31, ಮಂಗಳವಾರ

ಮಾಡಿದೆ.

ರೇಷ್ಮೆ ಸೀರೆ, ಮೂಗುತಿ, ಮುಂಗೈ ತುಂಬ ಬಳೆ. ಹಾಲು ಎರೆದೆ. ವರ್ಷಗಟ್ಟಲೆ ರಂಜಕ ಚಟ್ನಿ ಅರೆದ ಕಲ್ಲು, ಕೆಂಪು ಮೆಣಸಿನಕಾಯಿ ರಂಧ್ರರಂಧ್ರಗಳಲ್ಲಿ ಕೂತಿದೆ. ಹಾಲು ಕೆಳಗಿಳಿಯುವಾಗ ಗುಲಾಬಿ ಬಣ್ಣ!

"ಯವ್ವಾ, ಹಾಲು ಕೆಂಪಾತು!" ಅಂತ ಗುಂಡವ್ವಾಯಿ ಚೀರಿದರು. ಎದುರು ಮನೆಯ ಮುದುಕಿ, ಪಾಪ, ನಿಜವಾಗಿ ನಡುಗುತ್ತಿದ್ದರು. ನನ್ನ ಕಾಲಿಗೂ ಬಿದ್ದರು. ಬಸವಂತರಾಯ ವಿಡಿಯೋ ಮಾಡಿದರು.

ಹತ್ತಿರದಿಂದ ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು. ಬಾಯಿ ತೆರೆದು ಹೇಳಬಹುದಿತ್ತು. ತೆರೆದೆ, ಆರತಿ ಹಾಡಿದೆ. ಥೂ, ನನಗೇ.

ಜನವರಿ 5, ಭಾನುವಾರ

ಮೋರಟಗಿಯಿಂದ ಜನ ಟಂಟಂ ಆಟೋ ತುಂಬಿಕೊಂಡು ಬರುತ್ತಿದ್ದಾರೆ. 'ಕಟ್ಟಿ ಸ್ವಾಮಿ' ಅಂತ ಹೆಸರೂ ಆಗಿದೆ. ಗಾಡಿಗಳು ರಸ್ತೆಯ ಮಧ್ಯೆ. ತೆಂಗಿನಕಾಯಿ ಚಿಪ್ಪು ಗಟಾರದಲ್ಲಿ, ಗಟಾರದ ನೀರು ರಸ್ತೆಯಲ್ಲಿ. ಊದುಬತ್ತಿ, ಹುಳಿತ ಹಾಲು, ನೊಣ. ಕಿಟಕಿ ತೆರೆದರೆ ವಾಂತಿ ಬರುತ್ತದೆ. (ಅತ್ತೆ ಬೇರೆಯೇ ಅರ್ಥ ಮಾಡಿಕೊಂಡು ಖುಷಿಯಾದರು. ಅಲ್ಲ!)

ಪ್ರಾಜೆಕ್ಟಿನ ದೊಡ್ಡ ಸಾಹೇಬರು ಸಂಜೀವಕುಮಾರ್ ಬಂದಿದ್ದರು. ಟೇಪ್ ಹಿಡಿದು ಬಂದವರು ಶೂ ಬಿಚ್ಚಿ ಕೈಮುಗಿದರು. "ದೇವರ ವಿಷಯ ನೋಡ್ರಿ... ಬ್ಯಾರೆ ಲೈನ್ ಒಂದ ತಗದ ಇಡ್ರಿ, ಚೇತನಕುಮಾರ."

ಚೇತನ್ ಇನ್ನೊಂದು ನಕ್ಷೆ ಮಾಡುತ್ತಿದ್ದಾನೆ. ನಮ್ಮ ಮನೆಯ ಹತ್ತಿರ ಗೆರೆ ಬಾಗಿ, ಹೊಟ್ಟೆ ಒಳಗೆ ಎಳೆದುಕೊಂಡು ನಿಲ್ಲುತ್ತದೆ. ಕಟ್ಟೆಯ ಆಚೆ ಮತ್ತೆ ಶುರು. ಮಧ್ಯದಲ್ಲಿ ರಸ್ತೆಗೆ ಇಳಿಯಬೇಕು.

"ಸಾಹೇಬರಿಗೆ ನಿಜ ಹೇಳಬಹುದಲ್ಲ?"

"ಏನಂತ ಹೇಳ್ಲಿ? ನಮ್ಮಪ್ಪ ಸುಳ್ಳ ದೇವರ ಕೂಡಿಸ್ಯಾನ ಅಂತ? ಆರತಿ ಮಾಡಿದಾಕಿ ನನ್ನ ಹೆಂಡ್ತಿ ಅಂತ?"

ಆಮೇಲೆ ಮಲ್ಲಿಗೆ ತಂದು ತಾನೇ ಮುಡಿಸಿದ. ಬೆನ್ನು ಬಿಗಿ ಮಾಡಿ ಕೂತೆ. ಹೂವಿನ ವಾಸನೆಯೂ ಚೆನ್ನಾಗಿತ್ತು, ಅವನದೂ. ಅದಕ್ಕೇ ಇನ್ನೂ ಸಿಟ್ಟು.

ಜನವರಿ 11, ಶನಿವಾರ

ಗೊಬ್ಬರದ ಅಂಗಡಿಯ ಫರಸಿಯ ಮೇಲೆ ನಾಗರಕಲ್ಲು. ಮೊಬೈಲ್ ಅಂಗಡಿಯ ಮುಂದೆ ಕುಂಡದಲ್ಲಿ ತುಳಸಿ. ಎಲ್ಲರಿಗೂ ಒಟ್ಟಿಗೆ ಕನಸು ಬಿದ್ದಿದೆ! ವ್ಹಾವ್.

ಅತ್ತೆ ಮಿಕ್ಸಿಯಲ್ಲಿ ರಂಜಕ ಮಾಡಿದರು. ಯಾರಿಗೂ ಸೇರಲಿಲ್ಲ. ಮಾವ ತಾಟು ಸರಿಸಿ "ರುಚೀನ ಇಲ್ಲ" ಅಂದರು.

"ರುಚಿ ಹೊರಗ ಕೂತೈತಿ. ಹೋಗಿ ಕೈಮುಗದು ಕೇಳ್ರಿ."

ಮಾವ ಎದ್ದು ಹೋದರು. ಅತ್ತೆ ಖಾಲಿ ಒಳಕಲ್ಲಿನ ಅಂಚು ಸವರುತ್ತ ಹೇಳಿದರು: "ತವರು ಗೊಳಸಂಗಿಯಿಂದ ನನ್ನ ಜೋಡಿ ಬಂದ ಗುಂಡ ಅದು. ನಮ್ಮವ್ವ ಚಕ್ಕಡಿ ಒಳಗ ಹಾಕಿ ಕಳಿಸಿದ್ಲು. ಕೇಳಿದ್ರೇನ್ ನಿಮ್ಮ ಮಾವ ನನ್ನ?"

ಜನವರಿ 18, ಶನಿವಾರ. ಸಂಜೆ

ಬಸ್ ಸ್ಟ್ಯಾಂಡಿನಿಂದ ಫುಟ್‌ಪಾತ್ ನಮ್ಮ ಕಟ್ಟೆಯ ತನಕ ಬಂತು. ಎಷ್ಟು ಚೆಂದ ಇದೆ! ನೀರು ಇಟ್ಟರೆ ಚೆಲ್ಲದಷ್ಟು ಸಮ. ಆ ಕಡೆಯ ಅಂಗಡಿಯವರು ತಾವೇ ಜಾಗ ಬಿಟ್ಟರಂತೆ. ಮುಂದಿನವರು ನಮ್ಮನ್ನು ನೋಡುತ್ತ ಕೂತಿದ್ದಾರೆ.

ಐದೂವರೆಗೆ ಫಿರದೋಸ ಬಂದಳು. ಫುಟ್‌ಪಾತಿನ ಮೇಲೆ! ಅವಳು ಇಷ್ಟು ಜೋರಾಗಿ ಸೈಕಲ್ ತಿರುಗಿಸುವುದನ್ನು ನಾನು ನೋಡಿಯೇ ಇರಲಿಲ್ಲ. ದುಪಟ್ಟಾ ಹಾರುತ್ತಿತ್ತು. ನಮ್ಮ ಕಟ್ಟೆಯ ಗೋಡೆಗೆ ಬಂದು ನಿಂತಳು. ಮುಂದೆ ಕಲ್ಲು, ಪಕ್ಕದಲ್ಲಿ ಮೊಣಕಾಲೆತ್ತರದ ಇಳಿತ. ಹಿಂದೆ ಜನ. ತಿರುಗಿಸುವಷ್ಟು ಅಗಲ ಇಲ್ಲ.

ಓಡಿಹೋದೆ. "ತಾಳು, ಇಬ್ಬರು ಹಿಡಿದು ಇಳಿಸುತ್ತೇವೆ—"

"ಮುಟ್ಟಬ್ಯಾಡ್ರಿ." ಕಟ್ಟೆಯ ಮೇಲಿನ ತಗಡು ನೋಡಿದಳು. "ಎತ್ತಿಸ್ಕೊಳ್ಳಾಕ ಬಂದಿಲ್ಲ ವೈನಿ. ಹೋಗಾಕ ಬಂದಿದ್ದೆ."

ಸೈಕಲ್ಲಿನತ್ತ ಚಾಚಿದ್ದ ಕೈ ಹಿಂದಕ್ಕೆ ಎಳೆದುಕೊಂಡೆ.

"ವಿಡಿಯೋ ನೋಡಿದೆ. ಚಂದ ಕಾಣ್ಸೀರಿ. ಬ್ಲೌಸ್ ನಾ ಹೊಲದದ್ದ ಅಲ್ಲ?"

ಹಿಂದೆ ಹಿಂದೆ ತಳ್ಳಿಕೊಂಡು ಮೂಲೆಯ ತನಕ ಹೋದಳು. ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಬಹಳ ಹೊತ್ತು ಹಿಡಿಯಿತು. ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ಆ ಬ್ಲೌಸ್ ತೆಗೆದು ಬಕೆಟ್ಟಿಗೆ ಹಾಕಿದ್ದೇನೆ. ಕಂಕುಳಲ್ಲಿ ಊದುಬತ್ತಿಯ ವಾಸನೆ. ಹೋಗುತ್ತಿಲ್ಲ.

ಜನವರಿ 20, ಸೋಮವಾರ. ಮಧ್ಯಾಹ್ನ

ಬೇಗ ಬರೆಯಬೇಕು.

ಇವತ್ತು ಸಂಜೀವಕುಮಾರ್ ಸಾಹೇಬರು ಲೈನ್ ಫೈನಲ್ ಮಾಡಲು ಬರುವವರಿದ್ದರು. ಕಟ್ಟೆಯ ಮೇಲೆ ಮಾವ, ಬಸವಂತರಾಯ. ಮುಂದೆ ಕಾಯಿ ಹಿಡಿದ ಹೆಂಗಸರು. ಚೇತನ್ ಎರಡೂ ನಕ್ಷೆ ಹಿಡಿದು ನಿಂತಿದ್ದ, ನೇರ ಗೆರೆಯದು, ಬಾಗಿದ ಗೆರೆಯದು.

ಸಾಹೇಬರ ಜೀಪು ನಿಂತಿತು. ನಾನು ಹೊರಗೆ ಹೋದೆ. ಹಾರ ತೆಗೆದೆ. ಕಲ್ಲು ತಬ್ಬಿಕೊಂಡೆ.

"ಏ, ಏನ್ ಮಾಡಾಕತ್ತಿ!" ಮಾವ.

"ರಂಜಕ ಅರೆಯಬೇಕು ಮಾವ. ಇದು ನಮ್ಮ ಒಳಕಲ್ಲಿನ ಗುಂಡು. ಎಲ್ಲರೂ ಕೇಳಿ, ಗುಂಡು! ಹಾಲು ಕೆಂಪಾದದ್ದು ಮೆಣಸಿನಕಾಯಿಯಿಂದ. ನನಗೆ ಗೊತ್ತಿತ್ತು, ಆದರೂ ಆರತಿ ಮಾಡಿದೆ." ಗುಂಡವ್ವಾಯಿಯ ಮುಖ ನೋಡಲಾಗಲಿಲ್ಲ.

ಕಲ್ಲು ಏಳಲಿಲ್ಲ. ಅಷ್ಟು ಭಾರ. ಯಾರೋ ನಕ್ಕರು. ಆಗ ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದರು. "ಒಬ್ಬಾಕಿನ ಎತ್ತಬ್ಯಾಡ. ಸೊಂಟ ಹಿಡೀತೈತಿ." ಇನ್ನೊಂದು ತುದಿ ಹಿಡಿದರು. ಇಬ್ಬರೂ ಎತ್ತಿ ಒಳಗೆ ತಂದೆವು. ಒಳಕಲ್ಲಿನಲ್ಲಿ ಇಟ್ಟರೆ ಸರಿಯಾಗಿ ಕೂತಿತು.

ಅಡುಗೆಮನೆಯ ಕಿಟಕಿಯಿಂದ ಎಲ್ಲ ಕೇಳುತ್ತದೆ.

ಮಾವ: "ಕಲ್ಲಿಗೇನ್ ಬರಾ ಬಂದೈತಿ? ಸಂಜೀಕ ಇನ್ನೊಂದ ತರಸ್ತೇನಿ. ಜಾಗಾ ದೇವರದು."

ಸಾಹೇಬರು: "ಈಗ ಏನೂ ಅಡ್ಡಿ ಇಲ್ಲಲ್ರಿ. ನೀವ ಹೇಳ್ರಿ ಚೇತನಕುಮಾರ. ಯಾವದಕ್ಕ ಸಹಿ ಮಾಡ್ಲಿ?"

ನಾನು ಕಿಟಕಿಯ ಸರಳಿಗೆ ಮುಖ ಒತ್ತಿದೆ. ದೇವರಾಣೆ, ಆ ಕ್ಷಣದಲ್ಲೂ ಅವನ ಮೇಲೆ ನನಗೆ ಅಷ್ಟು ನಂಬಿಕೆ! ಹೇಳುತ್ತಾನೆ, ಈಗ ಹೇಳುತ್ತಾನೆ...

"ಬಾಗಿದ ಲೈನ ಇರ್ಲಿ ಸರ್. ಓಣ್ಯಾಗ ಸುಮ್ನ ಗದ್ದಲ ಬ್ಯಾಡ."

ಅದೇ ದನಿ. ಶೈಲೂ ಅಂತ ಕರೆಯುವ ದನಿ. ಸಿಂಕಿಗೆ ಬಗ್ಗಿ ಕಾರಿದೆ. ಬರೀ ನೀರು.

ಅತ್ತೆ ಮೆಣಸಿನಕಾಯಿ ಹಾಕಿ ಅರೆಯಲು ಕೂತಿದ್ದರು. ಗರಗರ ಗರಗರ. ತಲೆ ಎತ್ತಲಿಲ್ಲ. ಅರೆಯುತ್ತಲೇ ಹೇಳಿದರು:

"ಹಿತ್ತಲದಾಗ ಹಾರಿ ಐತಿ."

ಮತ್ತೆ ಗರಗರ.

ಹಾರೆ ಇಲ್ಲೇ, ಮಂಚಕ್ಕೆ ಒರಗಿಸಿಟ್ಟಿದ್ದೇನೆ. ಜೀವನದಲ್ಲಿ ಹಾರೆ ಹಿಡಿದವಳಲ್ಲ. ಜೀಪು ಹೋಯಿತು, ಹೆಂಗಸರು ಇನ್ನೂ ನಿಂತಿದ್ದಾರೆ. ಚೇತನ್ ಕಟ್ಟೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾನೆ, ಸರಿಯಾಗಿ ಕೆಂಪು ಗುರುತಿದ್ದಲ್ಲೇ, ನಾನು ಒಡೆಯಬೇಕಾದಲ್ಲೇ. ಮೊದಲು ಅವನನ್ನು ಏಳು ಅನ್ನಬೇಕು. ಏಳದಿದ್ದರೆ ಅವನ ಕಾಲಿನ ಪಕ್ಕದಿಂದಲೇ ಮೊದಲ ಏಟು.